ಎಣ್ಣೆ ಬೇಡ ಎಂದವರು

"ನೆಲಮಾಳಿಗೆಗೆ ಎಣ್ಣೆ ಟ್ರಾನ್ಸ್‌ಫಾರ್ಮರ್ ಬೇಡ," ಎಂದರು ಧರ್ಮರಾಜು, ಮೂರನೆಯ ಸಲ.

ಸಂಧ್ಯಾ ಪೆನ್ನು ಕೆಳಗಿಟ್ಟಳು. ಚಾಮರಾಜಪೇಟೆಯ ಈ ಆಸ್ಪತ್ರೆಯ ಹನ್ನೊಂದು ಸಾವಿರ ವೋಲ್ಟಿನ ವ್ಯವಸ್ಥೆಯನ್ನು ಹೊಸದಾಗಿ ರೂಪಿಸುವ ಕೆಲಸ ಅವಳದು. ಕಚೇರಿಗೆ ಬಣ್ಣ ಹೊಡೆಯುತ್ತಿದ್ದುದರಿಂದ ಸಭೆಗಳು ಕ್ಯಾಂಟೀನಿನ ಮೂಲೆಯಲ್ಲಿ ನಡೆಯುತ್ತಿದ್ದವು. ಟ್ರಸ್ಟಿನ ಕಾರ್ಯದರ್ಶಿ ರಾಮಾನುಜ ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಅಡ್ಡ ಬರುತ್ತಿದ್ದವರು ಪಕ್ಕದಲ್ಲಿ ಕೂರುತ್ತಿದ್ದ ಈ ಧರ್ಮರಾಜು ಒಬ್ಬರೇ. ಯಾವ ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ. ಹನ್ನೊಂದಾದ ಕೂಡಲೇ ಮಾತು ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಿದ್ದರು. ತನ್ನ ಮೇಲೆ ಕಣ್ಣಿಡಲು ಟ್ರಸ್ಟಿನವರೇ ಕೂರಿಸಿದ್ದಾರೆ ಎಂದು ಸಂಧ್ಯಾಳ ಗುಮಾನಿ.

"ಬೆಂಕಿ ಬಿದ್ರೆ ಹೊಗೆ ಸೀದಾ ವಾರ್ಡಿಗೆ ಹೋಗುತ್ತೆ. ಎಣ್ಣೆ ಇಲ್ಲದ ಡ್ರೈ ಟೈಪ್ ಹಾಕಿ."

"ಸರಿ ಸರ್. ನ್ಯೂಟ್ರಲ್ ತಂತಿ ಮಾತ್ರ ನೇರವಾಗಿ ಭೂಮಿಗೆ ಜೋಡಿಸ್ತೀನಿ."

"ಅದೂ ಬೇಡ. ಒಂದು ಕೇಬಲ್ ಕೆಟ್ರೆ ಆ ಲೈನ್ ಪೂರ್ತಿ ಟ್ರಿಪ್ ಆಗುತ್ತೆ. ಕರೆಂಟ್ ತಡೆಯೋ ದೊಡ್ಡ ರೆಸಿಸ್ಟರ್ ಮೂಲಕ ಕೊಡಿ. ಅಲಾರಂ ಹೊಡೆಯುತ್ತೆ, ಕರೆಂಟ್ ಇರುತ್ತೆ. ಹುಡುಕಿ ರಿಪೇರಿ ಮಾಡ್ಕೋಬಹುದು."

"ಅಷ್ಟು ಹೊತ್ತು ಉಳಿದ ಎರಡು ಫೇಸ್ ಮೇಲೆ ವೋಲ್ಟೇಜ್ ಏರುತ್ತೆ."

"ತಡ್ಕೊಳ್ಳೋ ಕೇಬಲ್ ಹಾಕಿ. ಮಂಗಳವಾರ ಮಧ್ಯಾಹ್ನ ಕರೆಂಟ್ ಹೋಗಿ ಜನರೇಟರ್ ಬರೋಕೆ ಹದಿನಾಲ್ಕು ಸೆಕೆಂಡ್ ಆಯ್ತು. ಎಣಿಸಿದೀನಿ."

ಇದನ್ನೆಲ್ಲ ಯಾರು ಕೂತು ಎಣಿಸುತ್ತಾರೆ? ಸಂಧ್ಯಾಗೆ ರೇಗಿತು. ತಪ್ಪು ಹಿಡಿಯಲೆಂದೇ ಎರಡು ದಿನ ಕೂತು ಎಲ್ಲವನ್ನೂ ಪರಿಶೀಲಿಸಿದಳು. ತಪ್ಪು ಸಿಗಲಿಲ್ಲ. ಶುಕ್ರವಾರ ಅವರು ಹೇಳಿದಂತೆಯೇ ಹೊಸ ನಕ್ಷೆ ತಂದಿಟ್ಟಳು.

ರಾಮಾನುಜ ಸಹಿ ಹಾಕಿ, "ನಿಮ್ಮ ಸೀನಿಯರ್ ತುಂಬಾ ತಿಳಿದೋರು ಕಣಮ್ಮ," ಎಂದರು.

"ನಮ್ಮವರಾ? ನಿಮ್ಮೋರು ಅಂದ್ಕೊಂಡಿದ್ದೆ ಸರ್!"

ಇಬ್ಬರೂ ಒಟ್ಟಿಗೆ ಧರ್ಮರಾಜು ಅವರತ್ತ ತಿರುಗಿದರು.

"ಮಿಲ್ಲಿನ ಸಬ್‌ಸ್ಟೇಷನ್‌ನಲ್ಲಿ ಮೂವತ್ತು ವರ್ಷ ಇದ್ದೆ," ಎಂದರು ಅವರು, ಕಾಫಿ ಲೋಟದೊಳಗೆ ನೋಡುತ್ತ.

"ಅದಲ್ಲ ಸರ್. ಇಲ್ಲಿ ನೀವು ಯಾರ ಕಡೆಯವರು?" ಎಂದಳು ಸಂಧ್ಯಾ.

ಅವರು ಬಾಯಿ ತೆರೆಯುವಷ್ಟರಲ್ಲಿ ಐಸಿಯು ನರ್ಸ್ ಕ್ಯಾಂಟೀನಿನ ಬಾಗಿಲಿಗೆ ಬಂದು ಕೂಗಿದಳು: "ವೆಂಟಿಲೇಟರ್ ಮೇಲಿರೋ ಸಪ್ಪಲಮ್ಮನ ಕಡೆಯವರು ಯಾರ್ರೀ? ಕಣ್ಣು ಬಿಟ್ಟಿದಾರೆ! ಹನ್ನೊಂದರ ಭೇಟಿ ಸಮಯಕ್ಕೆ ಕಾಯ್ಬೇಡಿ, ಈಗ್ಲೇ ಬನ್ನಿ!"

"ನಾನೇ ಸಿಸ್ಟರ್, ಅವಳ ಗಂಡ," ಎನ್ನುತ್ತ ಧರ್ಮರಾಜು ಎದ್ದರು.