ಹಾಲಿನ ಹದ

ಗಾಳಿಯ ರಭಸಕ್ಕೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಮೂರನೇ ಸಲವೂ ಕೆಮ್ಮಿ, ಹಾಳೆಯ ಮೇಲೆ ನೀಲಿ ಬಣ್ಣದ ಮುದ್ದೆ ಉಗುಳಿತು. ನಿವೃತ್ತನಾದ ಮೇಲೆ ಹವ್ಯಾಸಕ್ಕೊಂದಿರಲಿ ಎಂದು ಅದನ್ನು ಕೊಂಡಿದ್ದ ಓಬಣ್ಣ, ಅದು ಬಂದಿದ್ದ ರಟ್ಟಿನ ಡಬ್ಬವನ್ನು ಎಳೆದುಕೊಂಡ. “ಇದು ನನ್ನ ಕೈಲಿ ಆಗಂಗಿಲ್ಲ ಬಿಡು. ಕೌಲ್ ಬಜಾರಿನ ಅಂಗಡಿಯವಗ ವಾಪಸ್ ಕೊಟ್ ಬರ್ತೀನಿ.”

ಹಾಳೆ ಹಾರದಂತೆ ಅದರ ಮೇಲೆ ಅಂಗೈ ಊರಿ ಕುಳಿತಿದ್ದ ಹೆಂಡತಿ ಯಂಕಮ್ಮ ಕೇಳಿದಳು: “ಬಣ್ಣ ಎಷ್ಟು ತೆಳ್ಳಗ ಇರಬೇಕಂತ?”

“ವಿಡಿಯೋದಾಗ ಹಾಲಿನಂಗ ಅಂದಾನ. ಹಂಗೇ ಕಲಸೀನಿ.”

ಅವಳು ಇನ್ನೊಂದು ಕೈಯ ಬೆರಳನ್ನು ಬಣ್ಣ ಕಲಸಿದ್ದ ಬಟ್ಟಲಲ್ಲಿ ಅದ್ದಿ ಎತ್ತಿದಳು. ಒಂದು ಹನಿಯೂ ಬೀಳಲಿಲ್ಲ. ಯಂಕಮ್ಮನಿಗೆ ನಗು ತಡೆಯಲಾಗಲಿಲ್ಲ. “ಇದು ನಿಮ್ಮೂರು ರಾರಾವಿಯಾಗ ನಿಮ್ಮವ್ವ ಹಿಂಡ್ತಿದ್ದ ಎಮ್ಮಿ ಹಾಲ್ರಿ! ಪಾಪ, ಆ ವಿಡಿಯೋದಾಂವ ಪ್ಯಾಕೆಟ್ ಹಾಲು ಕುಡಿಯಾಂವ ಇರಬೇಕು. ನೀರು ಹಾಕ್ರಿ.”

ಅವಳು ಸಾಕೆನ್ನುವ ತನಕ ನೀರು ಬೆರೆಸಿ, ಏರ್‌ಬ್ರಷ್‌ಗೆ ತುಂಬಿ ಓಬಣ್ಣ ಗುಂಡಿ ಒತ್ತಿದ. ಈ ಸಲ ಬಣ್ಣ ಮಂಜಿನಂತೆ ಹೊಮ್ಮಿ, ಹಾಳೆಯ ಮೇಲೂ ಅವಳ ಕೈಯ ಮೇಲೂ ಕೂತಿತು.

“ಅಯ್ಯ, ನನ್ನ ಕೈ!” ಎಂದು ಯಂಕಮ್ಮ ಕೈಯೆತ್ತಿದಳು. ಹಾಳೆಯ ನೀಲಿಯ ನಡುವೆ ಅವಳ ಐದು ಬೆರಳೂ ಮುಂಗೈಯ ಬಳೆಯೂ ಬೆಳ್ಳಗೆ ಮೂಡಿದ್ದವು.

ಓಬಣ್ಣ ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ವಾಪಸ್ ಕೊಡಬೇಕಿದ್ದ ಡಬ್ಬವನ್ನು ಹರಿದು, ಅದರ ರಟ್ಟಿಗೆ ಆ ಹಾಳೆಯನ್ನು ಅಂಟಿಸಿದ.