ಬೇಡ ಎಂದ ಕಣ್ಣು

ನಾರಾಯಣಮ್ಮ ಎರಡು ಸಲ ರೆಪ್ಪೆ ಮುಚ್ಚಿ ತೆರೆದರು. ಎರಡು ಸಲ ಎಂದರೆ ಬೇಡ. ಸೊಸೆ ಅರ್ಪಿತ ಅದನ್ನು ನೋಡಿದಳು. ನೋಡಿಯೂ ಓದು ನಿಲ್ಲಿಸಲಿಲ್ಲ.

“ಅವನು ಕಾದ ಸೌಟನ್ನು ಅವಳ ಮಣಿಕಟ್ಟಿಗೆ ಒತ್ತಿದ. ಚರ್ಮ ಸುಲಿದು ಸೌಟಿಗೇ ಅಂಟಿತು.”

ಮತ್ತೆ ಎರಡು ಸಲ.

ಗಂಜಿಯ ಬಟ್ಟಲು ಹಿಡಿದು ಬಂದ ನರ್ಸ್ ಪ್ರಿಯಾಂಕಾ ಬಾಗಿಲಲ್ಲೇ ನಿಂತಳು. ಲಕ್ವ ಹೊಡೆದು ಮಾತು, ಕೈಕಾಲು ಎಲ್ಲ ಹೋದ ಆ ಜೀವಕ್ಕೆ ರೆಪ್ಪೆಯ ಭಾಷೆ ಕಲಿಸಿದವಳು ಅವಳೇ. ಒಂದು ಸಲ ಹೌದು, ಎರಡು ಸಲ ಬೇಡ. ಗಂಜಿ ಬೇಕೆ, ಫ್ಯಾನ್ ಬೇಕೆ ಎಂದು ಮನೆಯವರು ಕೇಳಲಿ ಅಂತ ಕಲಿಸಿದ್ದು. ಕಲಿಸಿದ ಮರುದಿನವೇ ಸೊಸೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಲ್ಯಾಪ್‌ಟಾಪ್ ತೆರೆದು ಈ ಕಾದಂಬರಿ ಓದಿಹೇಳಲು ಹಿಡಿದಿದ್ದಳು. ನಡುನಡುವೆ ಕೀಲಿ ಕುಟ್ಟುತ್ತಿದ್ದಳು. ಆಫೀಸಿನ ಕೆಲಸವೂ ಜೊತೆಗೇ ಸಾಗಬೇಕಲ್ಲ.

ಜಯನಗರದ ಆ ಮನೆಯಲ್ಲಿ ಗೋಡೆ ತುಂಬ ಪುಸ್ತಕಗಳಿದ್ದವು. ತೀರಿಕೊಂಡ ಯಜಮಾನರಿಗೆ ಓದುವ ಚಟವಿದ್ದಿರಬೇಕು. ಅಷ್ಟರಲ್ಲಿ ಒಂದು ದೇವರ ಕಥೆ ಸಿಗಲಿಲ್ಲವೆ ಇವಳಿಗೆ?

ಅರ್ಪಿತ ಕೆಟ್ಟವಳಂತೆ ಕಾಣುತ್ತಿರಲಿಲ್ಲ. ದಿನವೂ ತಾನೇ ಅತ್ತೆಯ ತಲೆ ಬಾಚುತ್ತಿದ್ದಳು. ಆದರೆ ಪ್ರಿಯಾಂಕಾ ಕಂಡ ಕೆಟ್ಟವರಾರೂ ಕೆಟ್ಟವರಂತೆ ಕಾಣುತ್ತಿರಲಿಲ್ಲ. ಬೆಳಗಿನಿಂದ ಅದೇ ಸೌಟು, ಅದೇ ಕೈ. ಒಮ್ಮೆ ಸುಟ್ಟದ್ದು ಸಾಲದೆಂಬಂತೆ ತಿರುತಿರುಗಿ ಓದಿ ಸುಡುತ್ತಿದ್ದಳು.

“ಅವಳು ಕೂಗಲಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಆಗಷ್ಟೇ ನಿದ್ದೆ ಹೋಗಿತ್ತು.”

ನಾರಾಯಣಮ್ಮನ ಕಣ್ಣಂಚಿನಿಂದ ನೀರು ಇಳಿದು ಕಿವಿ ಸೇರಿತು. ಅರ್ಪಿತ ಮುಗುಳ್ನಕ್ಕಳು. ಮುಂದಕ್ಕೆ ಹೋದಳು.

ಆ ನಗು ಕಂಡ ಮೇಲೆ ಪ್ರಿಯಾಂಕಾಳಿಗೆ ಸುಮ್ಮನಿರಲಾಗಲಿಲ್ಲ. ಹಾಲ್‌ನಲ್ಲಿದ್ದ ನಾರಾಯಣಮ್ಮನ ಮಗ ದೀಪಕನ ಎದುರು ನಿಂತಳು.

“ಸರ, ಮೇಡಮ್ಮಾರು ಓದೂದು ಅಮ್ಮಾರಿಗೆ ಆಗಿಬರವಲ್ದು. ದಿನಾ ಅಳತಾರ. ಬಿಪಿ ಏರಾಕತ್ತೈತಿ.”

“ಗೊತ್ತು,” ಎಂದ ದೀಪಕ್, ಫೋನಿನಿಂದ ಕಣ್ಣೆತ್ತದೆ. “ಅತ್ತೆ ಸೊಸೆ ಮಧ್ಯೆ ನಾನು ತಲೆ ಹಾಕಲ್ಲಮ್ಮ. ಒಂದ್ಸಲ ಹಾಕಿ ಅನುಭವಿಸಿದೀನಿ. ನೀವೂ ಹಾಕ್ಬೇಡಿ. ಇನ್ನೊಬ್ರು ನರ್ಸ್ ಹುಡುಕೋಕೆ ನನ್ ಕೈಲಾಗಲ್ಲ.”

ಗಂಡನೂ ಹೆದರುತ್ತಾನೆ ಎಂದಾಯಿತು. ಬಿಟಿಎಂನ ಬಾಡಿಗೆ ರೂಮಿನಲ್ಲಿ ಜೊತೆಗಿದ್ದ ಶಂಕ್ರವ್ವ ಮೊದಲೇ ಎಚ್ಚರಿಸಿದ್ದಳು: “ಮಂದಿ ಮನ್ಯಾಗ ಗ್ವಾಡಿ ಇದ್ದಂಗ ಇರಬೇಕು ನೋಡವಾ.” ಗೋಡೆಯ ಕೆಲಸ ಯಾರೂ ಕಿತ್ತುಕೊಳ್ಳುವುದಿಲ್ಲ, ನಿಜ. ಆದರೆ ಗೋಡೆ ರೋಗಿಗಳನ್ನು ನೋಡಿಕೊಳ್ಳುವುದೂ ಇಲ್ಲ.

ಪ್ರಿಯಾಂಕಾ ಕೋಣೆಗೆ ಮರಳಿದಳು. ನೇರ ಹೋಗಿ ಅರ್ಪಿತಳ ತೊಡೆಯ ಮೇಲಿದ್ದ ಲ್ಯಾಪ್‌ಟಾಪ್ ಮುಚ್ಚಿದಳು.

“ಸಾಕ್ ಬಿಡ್ರಿ. ಮಾತಿಲ್ಲದ ಜೀವಾನ ಎಷ್ಟಂತ ಗೋಳಾಡಸ್ತೀರಿ? ನನ್ನ ಕೆಲಸ ಹೋದ್ರ ಹೋಗ್ಲಿ.”

“ಅಯ್ಯೋ, ಸೇವ್ ಮಾಡಿರ್ಲಿಲ್ಲ ಕಣ್ರೀ.” ಅರ್ಪಿತ ಅವಳ ಮುಖ ನೋಡಿದಳು. ಆಮೇಲೆ ಮಂಚದತ್ತ ಬಾಗಿದಳು. “ಅತ್ತೆ, ಇವರು ನಿಲ್ಲಿಸಿ ಅಂತಿದಾರೆ. ನಿಲ್ಲಿಸ್ಲಾ?”

ಎರಡು ಸಲ ರೆಪ್ಪೆ ಬಡಿಯಿತು. ಬೇಡ.

ಪ್ರಿಯಾಂಕಾಳ ಸಿಟ್ಟಿಗೆ ನಿಲ್ಲಲು ನೆಲೆಯಿಲ್ಲದಂತಾಯಿತು. ಕಾದಂಬರಿ ಬರೆದವನ ಮೇಲೆ ಹರಿಬಿಟ್ಟಳು: “ಹೆಣ್ಣಮಗಳನ್ನ ಹಿಂಗ ಸುಡೂದನ್ನ ಯಾವ ಪಾಪಿ ಬರದಾನ್ರಿ?”

“ಆ ಪಾಪಿ ಇಲ್ಲೇ ಮಲಗಿದಾರೆ,” ಎಂದಳು ಅರ್ಪಿತ, ಲ್ಯಾಪ್‌ಟಾಪ್ ಮತ್ತೆ ತೆರೆಯುತ್ತ. “ನೀವು ರೆಪ್ಪೆ ಭಾಷೆ ಕಲಿಸಿದ್ಮೇಲೇನೇ ಅತ್ತೆಗೆ ಮತ್ತೆ ಬರೆಯೋಕಾಗಿದ್ದು. ಅವರ ಕಣ್ಣಲ್ಲಿ ನೀರು ಬರೋವರೆಗೂ ನಾನು ಟೈಪ್ ಮಾಡಿದ ಒಂದು ಸಾಲೂ ಪಾಸಾಗಲ್ಲ.”