ಎಳೆದ ಕೇಬಲ್... ಹೇಳದೇ ಉಳಿದ ಮಾತು

ನಂಬಿದವರೇ ನಿಮಗೆ ಕೈಕೊಟ್ಟಿದ್ದರೆ, ಇದನ್ನು ಅರ್ಧಕ್ಕೆ ಬಿಡದೆ ಓದಿ...

ದಾವಣಗೆರೆಯಲ್ಲಿ ಕಟ್ಟಡಗಳ ಡಿಸೈನ್ ಮಾಡುವ ಒಂದು ಆಫೀಸು. ಅಲ್ಲಿ ಮಂಜರಿ, ತೇಜಸ್ವಿನಿ ಅಂತ ಇಬ್ಬರು ಇಂಜಿನಿಯರುಗಳು. ಕಾಲೇಜಿನಿಂದಲೂ ಒಂದೇ ಬೆಂಚು... ಒಬ್ಬಳ ಡಬ್ಬಿಯ ರೊಟ್ಟಿ ಇನ್ನೊಬ್ಬಳ ಬಾಯಿಗೆ!

ಆಫೀಸಿಗೆ ಒಂದು ಕಾಲೇಜು ಕಟ್ಟಡದ ಕೆಲಸ ಬಂತು. ಎರಡು ಬ್ಲಾಕು. ಎರಡೂ ಪೋಸ್ಟ್ ಟೆನ್ಷನ್ ಸ್ಲ್ಯಾಬು.

ಅಂದರೆ, ಸ್ಲ್ಯಾಬಿನೊಳಗೆ ಉಕ್ಕಿನ ಕೇಬಲ್ ಹಾಸಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಜ್ಯಾಕ್ ಹಚ್ಚಿ ಎಳೆಯುವುದು. ಆ ಬಿಗಿಯೇ ಸ್ಲ್ಯಾಬನ್ನು ಎತ್ತಿ ಹಿಡಿಯುತ್ತದೆ.

ಇಬ್ಬರಿಗೂ ಈ ವಿದ್ಯೆ ಹೊಸದು. ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಅನ್ನುವುದೂ ತೀರ್ಮಾನವಾಗಿರಲಿಲ್ಲ...

ಬಾಸ್ ಪಾಲಾಕ್ಷ ಸರ್ ಎರಡು ಸಾಫ್ಟ್‌ವೇರುಗಳ ಟ್ರಯಲ್ ತರಿಸಿದರು. "ಒಬ್ಬೊಬ್ರು ಒಂದೊಂದರಲ್ಲಿ ಒಂದೊಂದು ಬ್ಲಾಕ್ ಮಾಡ್ರಮ್ಮ. ಚೆನ್ನಾಗಿ ಮಾಡ್ದೋರೇ ಮುಂದೆ ಟೀಮ್ ಲೀಡ್."

ಮಂಜರಿಯ ಪಾಲಿಗೆ ಬಂದದ್ದು, ಟ್ರಯಲ್ ಬಂದ ಕೂಡಲೇ ತೇಜಸ್ವಿನಿ ಕೆಲವು ದಿನ ಬಳಸಿ ನೋಡಿದ್ದ ಸಾಫ್ಟ್‌ವೇರು.

"ಏನೇ ಎಡವಟ್ಟು ಕಂಡ್ರೂ ಒಬ್ರಿಗೊಬ್ರು ಹೇಳ್ಬೇಕು ಕಣೇ," ಅಂದಳು ಮಂಜರಿ.

"ಅದನ್ನೂ ಬಾಯ್ಬಿಟ್ಟು ಹೇಳ್ಬೇಕೇನೇ?" ಅಂತ ನಕ್ಕಳು ತೇಜಸ್ವಿನಿ.

ಮಂಜರಿಯ ಸ್ಲ್ಯಾಬಿನ ಕೇಬಲ್ ಎಳೆಯುವ ದಿನ ಬಂತು. ಕೇಬಲ್ ಎಷ್ಟು ಹಿಗ್ಗಬೇಕು ಅಂತ ಮೊದಲೇ ಲೆಕ್ಕ ಇರುತ್ತದೆ. ಅಷ್ಟು ಹಿಗ್ಗಿದರೆ ಮಾತ್ರ ಹೊರಗಿನ ತುದಿ ಕತ್ತರಿಸಲು ಒಪ್ಪಿಗೆ...

ಹಿಗ್ಗಲಿಲ್ಲ. ಯಾವ ಕೇಬಲೂ ಲೆಕ್ಕದಷ್ಟು ಹಿಗ್ಗಲಿಲ್ಲ!

ಕೇಬಲನ್ನು ಎರಡೂ ತುದಿಯಿಂದ ಎಳೆಯುತ್ತಾರೆ ಅಂತ ಸಾಫ್ಟ್‌ವೇರು ತಾನೇ ಅಂದುಕೊಂಡಿತ್ತು. ಸೈಟಿನಲ್ಲಿ ಎಳೆದದ್ದು ಒಂದೇ ತುದಿಯಿಂದ. ಬದಲಾಯಿಸಬೇಕಿದ್ದ ಒಂದು ಸೆಟ್ಟಿಂಗು ಮಂಜರಿಯ ಕಣ್ಣಿಗೆ ಬಿದ್ದಿರಲಿಲ್ಲ.

ಪಾಲಾಕ್ಷ ಸರ್ ಎಲ್ಲರೆದುರೇ ಬೈದರು. ಲೆಕ್ಕವನ್ನೆಲ್ಲ ಮತ್ತೆ ಮಾಡಿಸಿ, ಸ್ಲ್ಯಾಬಿಗೆ ಅಪಾಯವಿಲ್ಲ ಅಂತ ಖಚಿತವಾದ ಮೇಲೇ ಉಸಿರು ಬಿಟ್ಟರು. ಟೀಮ್ ಲೀಡ್ ತೇಜಸ್ವಿನಿಯಾದಳು...

ಮೆಟ್ಟಿಲ ಹತ್ತಿರ ಮಂಜರಿ ಕೇಳಿದಳು, "ನಿನಗೆ ಆ ಸೆಟ್ಟಿಂಗ್ ಗೊತ್ತಿತ್ತಾ?"

"ಟ್ರಯಲ್ ಮಾಡುವಾಗ್ಲೇ ನೋಡಿದ್ದೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲವಲ್ಲೇ..."

ಬಾಸ್ ಬೈದದ್ದು ಮಂಜರಿಗೆ ಅಷ್ಟು ನೋವಾಗಿರಲಿಲ್ಲ. ಈ ಒಂದು ಮಾತು ಎದೆಯಲ್ಲಿ ಉಳಿದುಬಿಟ್ಟಿತು.

ಕೆಲವು ವಾರಗಳಾದವು. ಯಾವುದೋ ಅಳತೆಗೆಂದು ಸೈಟಿಗೆ ಹೋದ ಮಂಜರಿ, ತೇಜಸ್ವಿನಿಯ ಬ್ಲಾಕಿನ ಬಾಲ್ಕನಿ ಹತ್ತಿರ ಗಕ್ಕನೆ ನಿಂತಳು...

ಹೊರಗೆ ಚಾಚಿದ ಬಾಲ್ಕನಿಯಲ್ಲಿ ಕೇಬಲ್ ಮೇಲ್ಭಾಗದಲ್ಲಿರಬೇಕು. ಆಗಲೇ ಅದು ಬಾಲ್ಕನಿಯನ್ನು ಎತ್ತಿ ಹಿಡಿಯುವುದು. ಇಲ್ಲಿ ಕೇಬಲ್ ತಳಕ್ಕೆ ಇಳಿದಿತ್ತು! ತೇಜಸ್ವಿನಿ ಅವಸರದಲ್ಲಿ ಒಳಗಿನ ಸ್ಲ್ಯಾಬಿನ ಕೇಬಲ್ ಬಾಗಿದ ಆಕಾರವನ್ನೇ ಇಲ್ಲಿಗೂ ಕಾಪಿ ಮಾಡಿದ್ದಳು.

ಕಾಂಕ್ರೀಟಿನ ಲಾರಿ ಗೇಟಿನೊಳಗೆ ಬರುತ್ತಿತ್ತು.

ಸುಮ್ಮನಿದ್ದರೆ ಸಾಕು... ಅವಳೂ ಕೇಳಿಲ್ಲವಲ್ಲ!

ಮಂಜರಿ ಹೆಲ್ಮೆಟ್ ತೆಗೆದು ಗೇಟಿನ ಕಡೆ ನಡೆದೂ ಬಿಟ್ಟಳು. ಆದರೆ ಗೇಟು ದಾಟದೆ ತಿರುಗಿ ನಿಂತಳು.

"ಕಾಂಕ್ರೀಟ್ ನಿಲ್ಲಿಸ್ರೀ!" ಅಂತ ಕೂಗಿದಳು.

ಓಡಿಬಂದ ತೇಜಸ್ವಿನಿಗೆ ಮಂಜರಿ ಕೇಬಲ್ ತೋರಿಸಿದಳು. ಅವಳ ಮುಖ ಬಿಳಿಚಿಕೊಂಡಿತು. ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು...

"ನಾನು ಹಂಗೆ ಮಾಡಿದ್ರೂ ನೀನ್ಯಾಕೇ ಹೇಳ್ದೆ?"

ಮಂಜರಿಯ ಕಣ್ಣೂ ತುಂಬಿತ್ತು. "ನಿನಗೋಸ್ಕರ ಹೇಳಿದ್ದಲ್ಲ ಕಣೇ. ನಾಳೆ ಈ ಬಾಲ್ಕನೀಲಿ ನಿಂತು ನಗೋ ಹುಡುಗ್ರಿಗೆ ನೀನು ನಂಗೆ ಮಾಡಿದ್ದು ಗೊತ್ತಿರಲ್ಲ."

ಅಂದೇ ತೇಜಸ್ವಿನಿ ಪಾಲಾಕ್ಷ ಸರ್ ಮುಂದೆ ಎರಡೂ ವಿಷಯ ಒಪ್ಪಿಕೊಂಡಳು... ಈ ತಪ್ಪನ್ನೂ, ಅವತ್ತಿನ ಮೌನವನ್ನೂ.

ಮರುದಿನ ಊಟದ ಹೊತ್ತಿಗೆ ಅವಳು ತನ್ನ ಡಬ್ಬಿಯನ್ನು ಮಂಜರಿಯ ಕಡೆ ಸರಿಸಿದಳು. ಮಂಜರಿ ತನ್ನ ಡಬ್ಬಿ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದಳು. ಕ್ಷಮಿಸಲು ಮನಸ್ಸು ಇನ್ನೂ ಒಪ್ಪಿರಲಿಲ್ಲ.

ಆದರೆ ಕೇಬಲ್ ಸರಿಪಡಿಸಿ ಕಟ್ಟಿದ ಆ ಬಾಲ್ಕನಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ...

ಮೋಸ ಹೋದ ನೋವು ನಮ್ಮದು ನಿಜ, ಆದರೆ ಅದರ ಬೆಲೆಯನ್ನು ಏನೂ ತಿಳಿಯದವರು ತೆರಬಾರದು.

ನಿಮಗೆ ಕೈಕೊಟ್ಟವರ ತಪ್ಪು ಇವತ್ತು ನಿಮ್ಮೊಬ್ಬರ ಕಣ್ಣಿಗೆ ಮಾತ್ರ ಬಿದ್ದರೆ... ನೀವು ಕೂಗಿ ಹೇಳುತ್ತೀರಾ, ಸುಮ್ಮನೆ ಗೇಟು ದಾಟುತ್ತೀರಾ?